18 ಲೀಟರ್ ಕ್ಯಾಬಿನೆಟ್‌ನಲ್ಲಿ ಸದ್ದಿಲ್ಲದ ಗೇಮಿಂಗ್ ಪಿಸಿ: ನನ್ನ ಅನುಭವ

ನನ್ನ ಪಿಸಿ ಕಲಬುರಗಿಯ ಏಪ್ರಿಲ್ ತಿಂಗಳನ್ನು ಪಾಸ್ ಮಾಡಿದೆ. ಎಸಿ ಇಲ್ಲದ ರೂಮು. ಹೊರಗೆ 42 ಡಿಗ್ರಿ, ಒಳಗೆ 37-38. ಕ್ಯಾಬಿನೆಟ್ ಒಳಗೆ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4070 ಸೂಪರ್ ಗ್ರಾಫಿಕ್ಸ್ ಕಾರ್ಡ್. ಮಧ್ಯಾಹ್ನ ಊಟ ಮುಗಿಸಿ ಕೂತು ಸಂಜೆವರೆಗೆ ಆಡಿದರೂ ಕಾರ್ಡ್ 76-77 ಡಿಗ್ರಿ ದಾಟಲಿಲ್ಲ. ಸೀಲಿಂಗ್ ಫ್ಯಾನ್ ಆಫ್ ಮಾಡಿದಾಗ ಮಾತ್ರ ಪಿಸಿಯ ಸದ್ದು ಕೇಳುತ್ತದೆ, ಅದೂ ಹತ್ತಿರ ಕಿವಿಯಿಟ್ಟರೆ. ಇದು ಆಗಲ್ಲ ಅಂದವರು ಬಹಳ ಜನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಬಿನೆಟ್ ಕೂಲರ್ ಮಾಸ್ಟರ್ ಎನ್‌ಆರ್200. 2020ರ ಹಳೇ ಮಾಡೆಲ್. ಇದಕ್ಕಿಂತ ಚಿಕ್ಕವು ಬೇಕಾದಷ್ಟಿವೆ, ಆದರೆ ಈ ಬೆಲೆಗೆ ಇಷ್ಟು ಗಾಳಿ ಬಿಡುವುದು ನನಗೆ ಬೇರೆ ಸಿಗಲಿಲ್ಲ. ಚಿಕ್ಕದೇ ಯಾಕೆ ಅಂದರೆ, ನಾನು ಕೆಲಸ ಮಾಡುವುದು ಬೆಂಗಳೂರಿನಲ್ಲಿ, ಮನೆ ಕಲಬುರಗಿಯಲ್ಲಿ. ಊರಿಗೆ ಹೋದರೆ ವಾರಗಟ್ಟಲೆ ಅಲ್ಲಿಂದಲೇ ಕೆಲಸ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕೆಳಗಿನ ಬರ್ತ್ ಅಡಿಗೆ ಸರಿಯಾಗಿ ಕೂರುವ ಪಿಸಿ ಬೇಕಿತ್ತು. ಮಿಡ್ ಟವರ್, ಅಂದರೆ ಮಾಮೂಲಿ ಸೈಜಿನ ಕ್ಯಾಬಿನೆಟ್, ಹೊತ್ತುಕೊಂಡು ಹೋಗುವವರಿಗೆ ನಮಸ್ಕಾರ, ನನ್ನ ಬೆನ್ನಿಗೆ ಅದು ಆಗದು.

ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್.ಪಿ. ರೋಡಿನಲ್ಲಿ ಪಾರ್ಟ್ಸ್ ಪಟ್ಟಿ ತೋರಿಸಿದರೆ ಅಂಗಡಿಯವರು ತಲೆಯಾಡಿಸಿದರು. "ಸರ್, ಸಮ್ಮರ್‌ನಲ್ಲಿ ಬೆಂದುಹೋಗುತ್ತೆ. ಸುಮ್ನೆ ದೊಡ್ಡದು ತಗೊಳ್ಳಿ, ಲಿಕ್ವಿಡ್ ಕೂಲರ್ ಹಾಕಿಕೊಡ್ತೀವಿ." ಆಫೀಸಿನ ಗೆಳೆಯರದೂ ಅದೇ ರಾಗ. ಊರಲ್ಲಿ ಚಿಕ್ಕಪ್ಪನ ಮಗ ಕ್ಯಾಬಿನೆಟ್ ಸುತ್ತ ಒಂದು ಸುತ್ತು ಹಾಕಿ, "ಅಣ್ಣಾ, ಇಷ್ಟ್ ಸಣ್ಣ ಡಬ್ಬಿದಾಗ ಇದು ಹ್ಯಾಂಗ ನಡಿತದ?" ಅಂದ. ಈಗ ಅವನೇ ಇದರ ಮುಂದಿಂದ ಏಳುವುದಿಲ್ಲ.

ನಾನು ಹಿಡಿದ ದಾರಿ ಒಂದೇ. ಮೊದಲು ವ್ಯಾಟ್ ಇಳಿಸು, ಆಮೇಲೆ ಫ್ಯಾನ್ ಬಗ್ಗೆ ಯೋಚಿಸು. ಎಲ್ಲರೂ ಉಲ್ಟಾ ಮಾಡುತ್ತಾರೆ. ದೊಡ್ಡ ಕೂಲರ್, ಜಾಸ್ತಿ ಫ್ಯಾನ್, ಆಮೇಲೆ ಆ ಫ್ಯಾನ್‌ಗಳ ಸದ್ದಿಗೆ ಬೈಗುಳ. ಹುಟ್ಟದ ಶಾಖವನ್ನು ಹೊರಗೆ ಓಡಿಸುವ ಕೆಲಸವೇ ಇಲ್ಲ, ಅಲ್ವಾ?

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಎಲ್ಲ ನೆನಪಿನಿಂದ, ಜಿಎಸ್‌ಟಿ ಸೇರಿ. ಪ್ರೊಸೆಸರ್ 37 ಸಾವಿರ ಚಿಲ್ಲರೆ. ಕಾರ್ಡ್ 62 ಸಾವಿರ. ಮಿನಿ ಐಟಿಎಕ್ಸ್ ಅನ್ನುವ ಚಿಕ್ಕ ಮದರ್‌ಬೋರ್ಡ್ 22 ಸಾವಿರ. 17 ಸೆಂಟಿಮೀಟರ್ ಚದರದ ಆ ಹಲಗೆಗೆ ಇಷ್ಟು ಕೊಡುವಾಗ ಹೊಟ್ಟೆ ಉರಿಯಿತು. 750 ವ್ಯಾಟ್‌ನ ಎಸ್‌ಎಫ್‌ಎಕ್ಸ್ (ಚಿಕ್ಕ ಸೈಜಿನ) ಪವರ್ ಸಪ್ಲೈ 15 ಸಾವಿರ. 32 ಜಿಬಿ ರ‍್ಯಾಮ್ ಹತ್ತೂವರೆ, ಎಸ್‌ಎಸ್‌ಡಿ ಏಳು, ಕ್ಯಾಬಿನೆಟ್ ಏಳೂವರೆ, ಏರ್ ಕೂಲರ್ ನಾಲ್ಕು, ನಾಕ್ಚುವಾ ಫ್ಯಾನ್ ಒಂದು ಜೊತೆಗೆ ಆರರ ಹತ್ತಿರ. ಒಟ್ಟು 1 ಲಕ್ಷ 70 ಸಾವಿರದ ಆಸುಪಾಸು. ರ‍್ಯಾಮ್ ಬೆಲೆ ನಾನು ಕೊಂಡಾಗಿನದು. ಈಗ ಆ ರೇಟು ಕೇಳಿದರೆ ಅಂಗಡಿಯವರು ನಗುತ್ತಾರೆ.

ಇದು ಉಳಿದದ್ದರ ಲೆಕ್ಕ. ಕೈಬಿಟ್ಟವುಗಳದು ಬೇರೆ. ಎಲ್ಲರ ಮಾತಿನಂತೆ 240 ಎಂಎಂ ಲಿಕ್ವಿಡ್ ಕೂಲರ್ ಹಾಕಿ ನೋಡಿದೆ. 9 ಸಾವಿರ. ತಂಪು ಚೆನ್ನಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಡೆಸ್ಕ್‌ಟಾಪ್ ಸುಮ್ಮನೆ ಆನ್ ಇದ್ದಾಗ ಪಂಪ್‌ನಿಂದ ಸಣ್ಣಗೆ ಒಂದು ಶಿಳ್ಳೆ. ಫ್ಯಾನ್ ಸದ್ದನ್ನು ಫ್ಯಾನ್ ಇಳಿಸಿ ಕಮ್ಮಿ ಮಾಡಬಹುದು. ಪಂಪ್ ಯಾವಾಗಲೂ ತಿರುಗುತ್ತಲೇ ಇರಬೇಕು. ಐದು ಸಾವಿರಕ್ಕೆ ಮಾರಿಬಿಟ್ಟೆ. ಮೊದಲು ತಂದ ಪವರ್ ಸಪ್ಲೈ ಕೂಡ ಹೀಗೇ. ಗೇಮ್ ಮೆನುವಿನಲ್ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಿದ ಕೂಡಲೇ ಕಾಯಿಲ್ ಚೀರಾಟ, ಅಂದರೆ ಒಳಗಿನ ತಂತಿ ಸುರುಳಿಗಳು ನಡುಗಿ ಬರುವ ಕೀಚು ಸದ್ದು. ಅದರಲ್ಲೂ ನಾಲ್ಕೈದು ಸಾವಿರ ಹೋಯಿತು.

ಇಲ್ಲಿ ಒಂದು ವಿಷಯ ಕಲಿತೆ. ನಮ್ಮ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ತಿರುಗುತ್ತಲೇ ಇರುತ್ತದೆ. ಆ ಗಾಳಿಯ ಸದ್ದಿನಲ್ಲಿ ಕ್ಯಾಬಿನೆಟ್ ಫ್ಯಾನಿನ ಮೆಲ್ಲನೆಯ ಗುಂಯ್ ಅನ್ನುವುದು ಮುಳುಗಿಹೋಗುತ್ತದೆ. ಕೀಚು ಸದ್ದು ಮುಳುಗುವುದಿಲ್ಲ, ಅದನ್ನೂ ದಾಟಿ ಕಿವಿಗೆ ಬರುತ್ತದೆ. ಹಾಗಾಗಿ ಡೆಸಿಬಲ್ ಅಂಕಿ ಹಿಡಿದು ಕೂರಬೇಡಿ. ಮೊಬೈಲ್ ಆ್ಯಪ್ ತೋರಿಸುವ ಅಂಕಿಯನ್ನಂತೂ ನಂಬಲೇಬೇಡಿ. ಯಾವ ಸದ್ದು ಅನ್ನುವುದು ಮುಖ್ಯ, ಎಷ್ಟು ಅನ್ನುವುದು ಆಮೇಲೆ.

ಪ್ರೊಸೆಸರ್ ಕೆಲಸ ಸುಲಭ. 7800ಎಕ್ಸ್3ಡಿ ಮೇಲೆ 120 ವ್ಯಾಟ್ ಅಂತ ಬರೆದಿದ್ದರೂ ಗೇಮ್‌ನಲ್ಲಿ ಅದು ಎಳೆಯುವುದು 50-60. ಚಿಪ್‌ನ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್ ಸೆಟ್ಟಿಂಗ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 25 ಕೊಟ್ಟೆ. ಮೈನಸ್ 30ಕ್ಕೆ ನನ್ನ ಚಿಪ್ ಕೋರ್‌ಸೈಕ್ಲರ್ ಅನ್ನುವ ಪರೀಕ್ಷೆಯ ಸಾಫ್ಟ್‌ವೇರ್‌ನಲ್ಲಿ ಒಂದು ರಾತ್ರಿ ತಡೆಯಲಿಲ್ಲ. ರ‍್ಯಾಮ್ ವೇಗ ಏರಿಸುವ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿದರೆ ಬೋರ್ಡ್ ತಾನಾಗಿಯೇ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನಲ್ಲಿ ರ‍್ಯಾಮ್ ನೋಡಿಕೊಳ್ಳುವ ಭಾಗದ್ದು) ಏರಿಸುತ್ತದೆ. 2023ರಲ್ಲಿ ಚಿಪ್‌ಗಳು ಸುಟ್ಟ ಗಲಾಟೆ ಆದ ಮೇಲೆ ಎಎಮ್‌ಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು. ನಾನು 1.15ಕ್ಕೆ ಇಳಿಸಿಟ್ಟೆ. ಸುಮ್ಮನೆ ಕೂತಾಗಲೂ ಚಿಪ್ ನಾಲ್ಕೈದು ವ್ಯಾಟ್ ಕಮ್ಮಿ ತಿನ್ನುತ್ತದೆ. ಕೂಲರ್ 135 ಎಂಎಂ ಎತ್ತರದ ಎರಡು ಗೋಪುರದ್ದು. ಇದಕ್ಕಿಂತ ದೊಡ್ಡದು ಬೇಡವೇ ಬೇಡ.

ನಿಜವಾದ ಯುದ್ಧ ಕಾರ್ಡ್ ಜೊತೆ. 220 ವ್ಯಾಟ್ ಎಳೆಯುವ ಕಾರ್ಡ್ ಅದು. ಕಾರ್ಡ್‌ನ ವೋಲ್ಟೇಜ್, ವೇಗ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನ ಕರ್ವ್‌ನಲ್ಲಿ 0.95 ವೋಲ್ಟ್‌ಗೆ 2600 ಮೆಗಾಹರ್ಟ್ಸ್‌ನ ಅಕ್ಕಪಕ್ಕ ಕೂರಿಸಿದೆ. ಎಷ್ಟಕ್ಕೆ ಇಳಿಯಿತು ಗೊತ್ತಾ? 165 ವ್ಯಾಟ್‌ಗೆ. ಸೈಬರ್‌ಪಂಕ್ 2077ರಲ್ಲಿ 1440ಪಿಗೆ ಕಳೆದುಕೊಂಡದ್ದು ನಾಲ್ಕೋ ಐದೋ ಫ್ರೇಮ್. ಕಣ್ಣಿಗೆ ಗೊತ್ತೇ ಆಗಲ್ಲ. ಒಂದೇ ಒಂದು ಬೆಂಚ್‌ಮಾರ್ಕ್ ಪಾಸಾಯಿತು ಅಂತ ನಿಲ್ಲಿಸಬೇಡಿ. ರೇ ಟ್ರೇಸಿಂಗ್ (ಬೆಳಕಿನ ಲೆಕ್ಕ ಹಾಕುವ ಭಾರಿ ಗ್ರಾಫಿಕ್ಸ್) ಇರುವ ಗೇಮ್‌ನಲ್ಲಿ ಗಂಟೆಗಟ್ಟಲೆ ಓಡಿಸಿ ನೋಡಿ, ಅಲ್ಲೇ ಅದು ಕೈಕೊಡುವುದು. ನನ್ನ ಮಾನಿಟರ್ 144 ಹರ್ಟ್ಸ್. ಫ್ರೇಮ್ ರೇಟನ್ನು 138ಕ್ಕೆ ಕಟ್ಟಿಹಾಕಿದೆ. ಮೆನುವಿನಲ್ಲಿ ನೂರಾರು ಫ್ರೇಮ್ ಓಡಿ ಕಾಯಿಲ್ ಚೀರುವುದೂ ಅಲ್ಲಿಗೆ ನಿಂತಿತು.

ಇದರ ಇನ್ನೊಂದು ಲಾಭ ಕರೆಂಟ್ ಹೋದಾಗ ಗೊತ್ತಾಯಿತು. ಊರಲ್ಲಿ ನನ್ನ ಹತ್ತಿರ ಇರುವುದು 600 ವಿಎ ಯುಪಿಎಸ್, ಅಂದರೆ 360 ವ್ಯಾಟ್. ಮೊದಲು ಗೋಡೆಯಿಂದ ಪಿಸಿ 370, ಮಾನಿಟರ್ 40. ಗೇಮ್ ನಡುವೆ ಲೈಟ್ ಹೋದರೆ ಯುಪಿಎಸ್ ಒಮ್ಮೆ ಕೂಗಿ ಮಲಗಿಬಿಡುತ್ತಿತ್ತು. ಈಗ ಎರಡೂ ಸೇರಿ 320. ಆಟ ನಿಲ್ಲಿಸಿ, ಸೇವ್ ಮಾಡಿ, ಶಟ್‌ಡೌನ್ ಮಾಡುವಷ್ಟು ಸಮಯ ಆರಾಮಾಗಿ ಸಿಗುತ್ತದೆ. ದೊಡ್ಡ ಯುಪಿಎಸ್‌ನ ಖರ್ಚು ಉಳಿಯಿತು.

ಇಷ್ಟಾದರೂ ಕಾರ್ಡ್‌ನ ಸ್ವಂತ ಫ್ಯಾನ್‌ಗಳು ನನಗೆ ಸಮಾಧಾನ ಕೊಡಲಿಲ್ಲ. ಚಿಕ್ಕ ರೆಕ್ಕೆ, ಲೋಡ್ ಬಂದಾಗ 1700 ಆರ್‌ಪಿಎಂ. ಹೀಗಾಗಿ ಡಿಶ್ರೌಡ್ ಮಾಡಿದೆ, ಅಂದರೆ ಕಾರ್ಡ್‌ನ ಹೊರಕವಚವನ್ನೇ ತೆಗೆದೆ. ಗೆಳೆಯರು ಗಾಬರಿಯಾದದ್ದು ಇಲ್ಲಿಯೇ, 62 ಸಾವಿರದ ಕಾರ್ಡ್‌ನ ಸ್ಕ್ರೂ ಮೇಲಿನ ವಾರಂಟಿ ಸ್ಟಿಕ್ಕರ್ ತೂತು ಮಾಡಬೇಕಲ್ಲ. ಕೆಲವು ತಿಂಗಳು ಹಾಗೇ ಓಡಿಸಿ, ಕಾರ್ಡ್ ಗಟ್ಟಿಯಾಗಿದೆ ಅಂತ ನಂಬಿಕೆ ಬಂದ ಮೇಲೆ ಕೈ ಹಾಕಿದೆ. ಪ್ಲಾಸ್ಟಿಕ್ ಕವಚ, ಫ್ಯಾನ್ ಎಲ್ಲ ತೆಗೆದು, ಕ್ಯಾಬಿನೆಟ್ ತಳದಲ್ಲಿ ಎರಡು 120 ಎಂಎಂ ನಾಕ್ಚುವಾ ಎ12ಎಕ್ಸ್25 ಕೂರಿಸಿದೆ. ಅವು ಹೊರಗಿನ ಗಾಳಿಯನ್ನು ನೇರ ಹೀಟ್‌ಸಿಂಕ್‌ಗೆ, ಅಂದರೆ ಕಾರ್ಡ್‌ನ ಶಾಖ ಹೀರುವ ಲೋಹದ ಪಟ್ಟಿಗಳಿಗೆ, ಊದುತ್ತವೆ. ನಡುವೆ ಬೇರೇನೂ ಇಲ್ಲ.

ಮೊದಲ ದಿನ ಟೆಂಪರೇಚರ್ ಇಳಿಯುವ ಬದಲು ಮೂರು ಡಿಗ್ರಿ ಏರಿತು. ಯಾಕೆ ಅಂತ ತಿಳಿಯಲು ಒಂದು ಊದುಬತ್ತಿ ಹಚ್ಚಿ, ಸೈಡ್ ಪ್ಯಾನೆಲ್ ತೆಗೆದು, ಫ್ಯಾನ್ ಪಕ್ಕಕ್ಕೆ ಹಿಡಿದೆ. ಹೊಗೆ ಹೀಟ್‌ಸಿಂಕ್ ಒಳಗೆ ಹೋಗುವ ಬದಲು ಫ್ಯಾನಿಗೂ ಅದಕ್ಕೂ ನಡುವಿನ ಸಂದಿಯಿಂದ ಪಕ್ಕಕ್ಕೆ ನುಸುಳಿ, ಬಗ್ಗಿ, ಮತ್ತೆ ಅದೇ ಫ್ಯಾನ್ ಅಡಿಗೆ ಬಂತು. ಬಿಸಿ ಗಾಳಿಯೇ ಸುತ್ತು ಹೊಡೆಯುತ್ತಿತ್ತು. ಆ ಸಂದಿ ಮುಚ್ಚಿದ ಮೇಲೆ ಎಂಟು ಡಿಗ್ರಿ ಇಳಿಯಿತು. ಯಾವುದರಿಂದ ಮುಚ್ಚಿದೆ, ಹೇಗೆ ಕತ್ತರಿಸಿದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಹಳ ಹಾಳು ಮಾಡಿ ಕಂಡುಕೊಂಡದ್ದು ಅದು. ಒಂದು ಸುಳಿವು: ಸಾದಾ ಪ್ಯಾಕಿಂಗ್ ಫೋಮ್ ಬೇಡ, ಬಿಸಿಗೆ ಪುಡಿಯಾಗುತ್ತದೆ.

ಆಮೇಲೆ ತಳದ ಪಾದ. ಕ್ಯಾಬಿನೆಟ್ ಟೇಬಲ್‌ಗೆ ತೀರ ಹತ್ತಿರ ಕೂತಿತ್ತು, ಫ್ಯಾನ್‌ಗೆ ಉಸಿರಾಡಲು ಜಾಗ ಸಾಲುತ್ತಿರಲಿಲ್ಲ. ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಮಿಕ್ಸಿ ಅಡಿಗೆ ಹಾಕುವ ರಬ್ಬರ್ ಬುಷ್ ಸಿಗುತ್ತವೆ. ಒಂದಕ್ಕೆ ಹತ್ತು ರೂಪಾಯಿ. ನಾಲ್ಕು ತಂದು ಹಾಕಿದೆ. ಎರಡು ಸೆಂಟಿಮೀಟರ್ ಎತ್ತರ ಸಿಕ್ಕಿತು, ಮೂರು ಡಿಗ್ರಿ ಇಳಿಯಿತು, ಟೇಬಲ್‌ಗೆ ನಡುಕ ಹೋಗುವುದೂ ನಿಂತಿತು. ಇಡೀ ಪಿಸಿಯಲ್ಲಿ ಇದಕ್ಕಿಂತ ಲಾಭದ ನಲವತ್ತು ರೂಪಾಯಿ ಇನ್ನೊಂದಿಲ್ಲ.

ಕಾರ್ಡ್ ಬಿಚ್ಚಿದ್ದೆನಲ್ಲ, ಹಾಗೇ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವೆ ಶಾಖ ದಾಟಿಸುವ ಪೇಸ್ಟ್ ಒರೆಸಿ ಹನಿವೆಲ್ ಪಿಟಿಎಂ7950 ಹಾಳೆ ಹಾಕಿದೆ. ಬಿಸಿಯಾದಾಗ ಕರಗಿ ಕೂರುವ ಪದಾರ್ಥ. ಪೇಸ್ಟ್ ಆದರೆ ಬಿಸಿ-ತಂಪು ಆಗಿ ಆಗಿ ಅಂಚಿಗೆ ಹೊರಬರುತ್ತದೆ, ಇದಕ್ಕೆ ಆ ಕಾಟ ಇಲ್ಲ. ಆದರೆ ನಕಲಿ ಮಾಲು ಓಡಾಡುತ್ತಿದೆ, ನೋಡಿ ತಗೊಳ್ಳಿ. ಹಾಳೆಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಮೇಲಿನ ಪ್ಲಾಸ್ಟಿಕ್ ಹರಿಯದೆ ಬಿಡುತ್ತದೆ.

ಫ್ಯಾನ್ ಕರ್ವ್‌ಗೆ, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನುವ ಸೆಟ್ಟಿಂಗ್‌ಗೆ, ಫ್ಯಾನ್‌ಕಂಟ್ರೋಲ್ ಸಾಫ್ಟ್‌ವೇರ್. ಎಕ್ಸ್3ಡಿ ಚಿಪ್ ಬ್ರೌಸರ್ ತೆರೆದರೂ 45ರಿಂದ 65ಕ್ಕೆ ಹಾರಿ ಕೆಳಗೆ ಬರುತ್ತದೆ. ಫ್ಯಾನ್ ಅದರ ಹಿಂದೆ ಓಡಿದರೆ ತಲೆ ಕೆಡುತ್ತದೆ. ಸಿಪಿಯು ಫ್ಯಾನ್‌ಗೆ ಏಳೆಂಟು ಸೆಕೆಂಡ್ ತಡ ಕೊಟ್ಟೆ. ಮೇಲಿನ ಎರಡು ಫ್ಯಾನ್ ಮತ್ತು ತಳದವನ್ನು ಸಿಪಿಯುಗೆ ಅಲ್ಲ, ಕಾರ್ಡ್‌ನ ಶಾಖಕ್ಕೆ ಜೋಡಿಸಿದೆ. ಬಯಾಸ್‌ನಲ್ಲೂ (ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್‌ನಲ್ಲೂ) ಒಂದು ಸುರಕ್ಷಿತ ಕರ್ವ್ ಇಟ್ಟಿರಿ, ಸಾಫ್ಟ್‌ವೇರ್ ನಿಂತರೆ ಕಾರ್ಡ್‌ಗೆ ಗಾಳಿ ಇಲ್ಲದಂತಾಗಬಾರದು. ನನ್ನ ಕ್ಯಾಬಿನೆಟ್‌ನ ಸೈಡ್ ಪ್ಯಾನೆಲ್ 780 ಆರ್‌ಪಿಎಂ ಹತ್ತಿರ ಝುಂ ಅನ್ನುತ್ತದೆ. ಬೆರಳಿಟ್ಟರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು. ಅದಕ್ಕೆ ಕರ್ವ್ 720ರಿಂದ ನೇರ 840ಕ್ಕೆ ಜಿಗಿಯುವಂತೆ ಇಟ್ಟಿದ್ದೇನೆ. ನಿಮ್ಮದರಲ್ಲಿ ಆ ಜಾಗ ಬೇರೆ ಇರುತ್ತದೆ. ರಾತ್ರಿ ಎಲ್ಲ ಆಫ್ ಮಾಡಿ, 20-20 ಆರ್‌ಪಿಎಂ ಏರಿಸುತ್ತಾ ಕೇಳಿಸಿಕೊಳ್ಳಿ.

ಈಗ ಬೆಂಗಳೂರಿನಲ್ಲಿ, 27 ಡಿಗ್ರಿ ರೂಮಿನಲ್ಲಿ, ಗೇಮ್ ಆಡುವಾಗ ಕಾರ್ಡ್ 65, ಪ್ರೊಸೆಸರ್ 70ರ ಒಳಗೆ. ತಳದ ಫ್ಯಾನ್ 900 ದಾಟುವುದಿಲ್ಲ. ಆಫೀಸಿನ ಗೆಳೆಯನೊಬ್ಬನ ಮಿಡ್ ಟವರ್‌ನಲ್ಲಿ ಇದೇ ಕಾರ್ಡ್ ಇದೆ. ನನ್ನದಕ್ಕಿಂತ ಆರು ಡಿಗ್ರಿ ಜಾಸ್ತಿ, ಸದ್ದಂತೂ ಹೋಲಿಸಲೇಬೇಡಿ. ಅವನೀಗ ಆಫ್ಟರ್‌ಬರ್ನರ್ ಹೇಳಿಕೊಡು ಅಂತ ಬೆನ್ನು ಬಿದ್ದಿದ್ದಾನೆ.

ರೈಲಿನಲ್ಲಿ ಒಯ್ಯುವವರಿಗೆ ಒಂದು ಮಾತು. ಕಾರ್ಡ್ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿಡಿ. ಅಲುಗಾಟಕ್ಕೆ ಸ್ಲಾಟ್ ಸಡಿಲವಾಗುತ್ತದೆ. ಮತ್ತೆ ಹಾಕುವಾಗ ಕಾರ್ಡ್‌ಗೆ ಕರೆಂಟ್ ಕೊಡುವ 16 ಪಿನ್ ಕೇಬಲ್ ಪೂರ್ತಿ ಒಳಗೆ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿ, ಕನೆಕ್ಟರ್ ಬುಡದಲ್ಲೇ ಬಗ್ಗಿಸಬೇಡಿ. ತಳದ ಜಾಲರಿಯ ಧೂಳನ್ನು ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಒರೆಸಿದರೆ ಸಾಕು. ಕಲಬುರಗಿಯಲ್ಲಿ ವಾರಕ್ಕೊಮ್ಮೆ ನೀರಲ್ಲಿ ತೊಳೆಯಬೇಕು, ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು.