ಒಂದು ಚೀಲ ಮೆಣಸಿನಕಾಯಿ, ಮೂರು ಪೇಪರ್

‘ಸರ್, ಯಾವ ಗೈಡ್ ತೊಗೊಳ್ಳಲಿ?’

ಪದವಿ ಮೊದಲ ವರ್ಷದ ಕ್ಲಾಸಿಗೆ ಕಾಲಿಟ್ಟ ದಿನವೇ ಈ ಪ್ರಶ್ನೆ ಬರುತ್ತದೆ. ಕೇಳುವವರು ಹಾನಗಲ್ಲ, ಶಿರಹಟ್ಟಿ, ರೋಣ, ಕಲಘಟಗಿ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ, ಹುಬ್ಬಳ್ಳಿಯಲ್ಲೋ ಧಾರವಾಡದ ಸಪ್ತಾಪುರದಲ್ಲೋ ಖೋಲಿ ಹಿಡಿದಿರುತ್ತಾರೆ. ಅವರನ್ನು ಹೆದರಿಸುವುದು ಮುಖ್ಯವಾಗಿ ಮೂರು. ಸಂಖ್ಯಾಶಾಸ್ತ್ರದ ಸೂತ್ರಗಳು. ಕರಾರು ಕಾಯ್ದೆಯ ಕಲಂಗಳು. ಮತ್ತೆ ‘ಗ್ರಂಥಾಲಯಕ್ಕೆ ಹೋಗಿ ವರದಿ ಬರೆದು ತನ್ನಿ’ ಎನ್ನುವ ಅಸೈನ್‌ಮೆಂಟ್.

ಗೈಡ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ ಅನ್ನುತ್ತೇನೆ. ನಿಮ್ಮ ಊರಿನ ಒಂದು ಪ್ರಶ್ನೆ ಆರಿಸಿಕೊಳ್ಳಿ. ಅದೇ ಪ್ರಶ್ನೆಯನ್ನು ಹಿಡಿದು ಮೂರೂ ವಿಷಯ ಓದಿ. ಗದಗ-ಬೆಟಗೇರಿಯವರು ಸೀರೆ ನೇಯ್ಗೆ ತೆಗೆದುಕೊಳ್ಳಬಹುದು, ಹುಬ್ಬಳ್ಳಿಯವರು ಹತ್ತಿ ತೆಗೆದುಕೊಳ್ಳಬಹುದು. ಇಲ್ಲಿ ನಾನು ಹಾವೇರಿ ಜಿಲ್ಲೆಯ ಪ್ರಶ್ನೆ ತೆಗೆದುಕೊಳ್ಳುತ್ತೇನೆ: ಬ್ಯಾಡಗಿ ಮೆಣಸಿನಕಾಯಿ ಬೆಳೆದವರಿಗೆ ನಿಜವಾಗಿ ಸಿಗುವ ಬೆಲೆ ಎಷ್ಟು?

ಮೊದಲು ಗ್ರಂಥಾಲಯ

‘ಕೃಷಿ ಮಾರುಕಟ್ಟೆ’ ಅನ್ನುವುದು ಪ್ರಶ್ನೆ ಅಲ್ಲ, ಅದೊಂದು ಕಪಾಟು. ಆ ಹೆಸರಿನಲ್ಲಿ ಹುಡುಕಿದರೆ ನೂರು ಪುಸ್ತಕ ಸಿಗುತ್ತವೆ, ಒಂದೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆಯಿರಿ. ಆಮೇಲೆ ಅದರಲ್ಲಿರುವ ಒಂದೊಂದು ಪದಕ್ಕೂ ಬೇರೆ ಹೆಸರು ಏನಿದೆ ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಬೆಲೆ, ದರ, ಧಾರಣೆ. ಎಪಿಎಂಸಿ, ಕೃಷಿ ಉತ್ಪನ್ನ ಮಾರುಕಟ್ಟೆ. ಇಂಗ್ಲಿಷ್ ಸ್ಪೆಲಿಂಗ್‌ಗಳನ್ನೂ ಬಿಡಬೇಡಿ. ಧಾರವಾಡದ ಹೆಸರನ್ನು ಈಗ ಕೊನೆಗೆ ‘ಡಿ’ ಹಾಕಿ ಬರೆಯುತ್ತಾರೆ. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಕೊನೆಗೆ ‘ಆರ್’ ಇರುತ್ತದೆ. 1884ರಲ್ಲಿ ಬಂದ ಮುಂಬೈ ಪ್ರೆಸಿಡೆನ್ಸಿ ಗೆಜೆಟಿಯರ್‌ನ (ಜಿಲ್ಲಾವಾರು ಮಾಹಿತಿ ಗ್ರಂಥದ) 22ನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದೇ. ಹೊಸ ಸ್ಪೆಲಿಂಗ್ ಒಂದನ್ನೇ ಟೈಪ್ ಮಾಡಿ ಕೂತರೆ ಅದು ಕಣ್ಣಿಗೇ ಬೀಳದೆ ಹೋಗಬಹುದು.

ಈಗ ಕಪಾಟಿನ ಕಡೆ ಬನ್ನಿ. ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲಿನ ಸಂಖ್ಯೆಯೇ ಆ ಪುಸ್ತಕದ ವಿಳಾಸ. ಬಹಳಷ್ಟು ಕಾಲೇಜುಗಳಲ್ಲಿ ಇರುವುದು ಡ್ಯೂಯಿ ದಶಮಾಂಶ ಪದ್ಧತಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಇದನ್ನು ಪ್ರಕಟಿಸಿದರು. ನಮಗೆ ಬೇಕಾದ ಸಂಖ್ಯೆಗಳು ಕೆಲವೇ. ಅರ್ಥಶಾಸ್ತ್ರಕ್ಕೆ 330, ಕರಾರು ಕಾನೂನಿಗೆ 346.02. ಆದರೆ ಸಂಖ್ಯಾಶಾಸ್ತ್ರ ಎರಡು ಕಡೆ ಇರುತ್ತದೆ! ಸರ್ಕಾರ, ಸಂಸ್ಥೆಗಳು ಕೂಡಿಹಾಕಿದ ಅಂಕಿಅಂಶ 310ರಲ್ಲಿ. ಲೆಕ್ಕ ಮಾಡುವ ವಿಧಾನ ಗಣಿತದ ಜೊತೆ 519.5ರಲ್ಲಿ. ಒಂದು ಕಡೆ ನೋಡಿ ‘ನಮ್ಮ ಲೈಬ್ರರಿಯಲ್ಲಿ ಏನೂ ಇಲ್ಲ’ ಎಂದು ವಾಪಸ್ ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ.

ಬೇಕಾದ ಪುಸ್ತಕ ಸಿಕ್ಕ ಮೇಲೆ ಅದರ ಎಡಕ್ಕೆ ಐದು, ಬಲಕ್ಕೆ ಐದು ಪುಸ್ತಕ ಎಳೆದು ನೋಡಿ. ಒಂದೇ ವಿಷಯದವು ಅಕ್ಕಪಕ್ಕ ಇರಲಿ ಅಂತಲೇ ಆ ಸಂಖ್ಯೆ ಕೊಟ್ಟಿರುವುದು. ಪುಸ್ತಕವನ್ನು ಹಿಂದಿನಿಂದ ತೆಗೆಯಿರಿ. ಕೊನೆಯಲ್ಲಿರುವ ಪದಸೂಚಿಯಲ್ಲಿ ನಿಮ್ಮ ಪದ ಇದೆಯೇ? ಇದ್ದರೆ ಆ ಪುಟಕ್ಕೆ ಹೋಗಿ. ಇಲ್ಲದಿದ್ದರೆ ಪರಿವಿಡಿ ನೋಡಿ ವಾಪಸ್ ಇಡಿ. ಒಂದು ಪುಸ್ತಕಕ್ಕೆ ಹತ್ತು ನಿಮಿಷ ಸಾಕು. ಓದುವುದು ಬೇರೆ, ಹುಡುಕುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಮೊದಲ ಪುಸ್ತಕದಲ್ಲೇ ಸಂಜೆಯಾಗುತ್ತದೆ.

ಗ್ರಂಥಪಾಲಕರನ್ನು ಕೇಳಲು ನಾಚಿಕೆ ಪಡಬೇಡಿ. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ದಾರಿ ಮಾಡಿದ ಎಸ್.ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ‘ಓದುಗರ ಸಮಯ ಉಳಿಸಿ’ ಎನ್ನುವುದು. ನಿಮ್ಮ ಸಮಯ ಉಳಿಸುವುದು ಆ ಕುರ್ಚಿಯ ಕೆಲಸವೇ. ಆದರೆ ‘ಪ್ರಾಜೆಕ್ಟ್‌ಗೆ ಏನಾದ್ರೂ ಕೊಡ್ರಿ’ ಎಂದು ಕೇಳಬೇಡಿ. ಬರೆದಿಟ್ಟುಕೊಂಡ ಆ ಒಂದು ವಾಕ್ಯವನ್ನು ತೋರಿಸಿ. ಉತ್ತರವೇ ಬದಲಾಗುತ್ತದೆ.

ಕಾಲೇಜಿನಲ್ಲಿ ಸಿಗದಿದ್ದರೆ ಗುರುತಿನ ಚೀಟಿ ಹಿಡಿದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯದಲ್ಲಿ ವಿಚಾರಿಸಿ. ಮೊಬೈಲ್‌ನಲ್ಲೇ ಆಗಬೇಕೆಂದರೆ ಶೋಧಗಂಗಾ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಅಲ್ಲಿ ಪುಕ್ಕಟೆ ಓದಬಹುದು. ನಿಮ್ಮ ವಿಷಯದ ಒಂದು ಪ್ರಬಂಧ ಸಿಕ್ಕರೆ ಮೊದಲು ಅದರ ಕೊನೆಯ ಪುಸ್ತಕ ಪಟ್ಟಿ ನೋಡಿ. ಯಾರೋ ನಾಲ್ಕೈದು ವರ್ಷ ತಿರುಗಾಡಿ ಹುಡುಕಿದ್ದು ಅಲ್ಲಿ ಸಿದ್ಧವಾಗಿರುತ್ತದೆ.

ಟಿಪ್ಪಣಿಗೆ ಒಂದೇ ನಿಯಮ: ಮೊದಲು ಲೇಖಕ, ಪುಸ್ತಕ, ಪ್ರಕಾಶಕರು, ವರ್ಷ, ಪುಟ ಬರೆಯಿರಿ, ಆಮೇಲೆ ವಿಷಯ. ಕೊನೆಯ ವರ್ಷದಲ್ಲಿದ್ದಾಗ ಪುಟಸಂಖ್ಯೆ ಬರೆಯದೆ ಎರಡು ಪುಟ ನಕಲು ಮಾಡಿಕೊಂಡಿದ್ದೆ. ಆ ಒಂದು ಸಂಖ್ಯೆಗಾಗಿ ಮತ್ತೆ ಮೂರು ದಿನ ಓಡಾಡಿದೆ.

ಅಂಕಿಯ ಹಿಂದಿನ ಊರು

ಲೆಕ್ಕಕ್ಕೆ ಕೂರುವ ಮುಂಚೆ ಒಂದು ಎಚ್ಚರಿಕೆ. 1991ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯಲ್ಲಿ ಸುಮಾರು 35 ಲಕ್ಷ ಜನ. 2001ರಲ್ಲಿ ಸುಮಾರು 16 ಲಕ್ಷ. ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎಲ್ಲಿ ಹೋದರು? ಎಲ್ಲೂ ಹೋಗಲಿಲ್ಲ. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದವು. ಹೆಸರು ಅದೇ ಉಳಿಯಿತು, ಗಡಿ ಬದಲಾಯಿತು. ಮೆಣಸಿನಕಾಯಿಗೂ ಇದೇ ಮಾತು. 1997ಕ್ಕೆ ಮೊದಲಿನ ವರದಿಗಳಲ್ಲಿ ಬ್ಯಾಡಗಿ ಧಾರವಾಡ ಜಿಲ್ಲೆಯ ಒಳಗೇ ಇದೆ. ಹಳೆಯ ಅಂಕಿ ಮತ್ತು ಹೊಸ ಅಂಕಿಯನ್ನು ಹಾಗೇ ಪಕ್ಕಪಕ್ಕ ಇಟ್ಟು ಗ್ರಾಫ್ ಎಳೆದರೆ, ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲದೆ ಇಡೀ ವರದಿ ಸುಳ್ಳಾಗುತ್ತದೆ. ಆದ್ದರಿಂದ ಯಾವ ಅಂಕಿ ಸಿಕ್ಕರೂ ಮೂರು ಮಾತು ಕೇಳಿ. ಯಾರು ಎಣಿಸಿದ್ದು? ಯಾವಾಗ? ಯಾವ ಗಡಿಯ ಒಳಗೆ?

ಈಗ ಲೆಕ್ಕ. ಏಳು ಲಾಟ್ (ಒಟ್ಟಿಗೆ ಮಾರುವ ರಾಶಿ) ಮೆಣಸಿನಕಾಯಿ ಮಾರಾಟವಾಯಿತು ಅಂತ ಇಟ್ಟುಕೊಳ್ಳಿ. ಕ್ವಿಂಟಲ್ ಬೆಲೆ ಸಾವಿರ ರೂಪಾಯಿಗಳಲ್ಲಿ ಹೀಗಿದೆ: 12, 14, 15, 15, 16, 18, 50. (ಇವು ಲೆಕ್ಕ ಕಲಿಯಲು ನಾನೇ ಹಾಕಿದ ಸಂಖ್ಯೆಗಳು, ಮಾರುಕಟ್ಟೆಯ ದರ ಅಲ್ಲ.) ಕೂಡಿಸಿದರೆ 140. ಏಳರಿಂದ ಭಾಗಿಸಿದರೆ ಸರಾಸರಿ 20 ಸಾವಿರ. ಆದರೆ ಏಳರಲ್ಲಿ ಆರು ಲಾಟ್‌ಗೆ 20 ಸಾವಿರ ಸಿಕ್ಕೇ ಇಲ್ಲ! ಸಾಲಾಗಿ ನಿಲ್ಲಿಸಿ ನಡುವಿನದನ್ನು ಹಿಡಿದರೆ ಮಧ್ಯಾಂಕ 15. ಹೆಚ್ಚು ಸಲ ಬಂದದ್ದೂ 15, ಅದು ಬಹುಲಕ. ಎಪಿಎಂಸಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠದ ಜೊತೆ ‘ಮಾದರಿ ಬೆಲೆ’ ಎಂದು ಒಂದು ಕಾಲಂ ಇರುತ್ತದೆ ಅಲ್ವಾ? ಅದು ಈ ಬಹುಲಕದ ಸಂಬಂಧಿಕ. ಹೆಚ್ಚಿನ ಮಾಲು ಯಾವ ದರದ ಸುತ್ತ ಹೋಯಿತು ಅನ್ನುವುದನ್ನು ಅದು ಹೇಳುತ್ತದೆ.

ಇಷ್ಟಕ್ಕೇ ನಿಲ್ಲಬೇಡಿ. ಆ 50 ಸಾವಿರದ ಲಾಟ್ ಎಷ್ಟು ದೊಡ್ಡದು? ಅದು ಬರೀ 1 ಕ್ವಿಂಟಲ್, ಉಳಿದ ಆರು ತಲಾ 10 ಕ್ವಿಂಟಲ್ ಅಂದುಕೊಳ್ಳಿ. ಒಟ್ಟು 61 ಕ್ವಿಂಟಲ್‌ಗೆ 9 ಲಕ್ಷ 50 ಸಾವಿರ ರೂಪಾಯಿ. ಭಾಗಿಸಿದರೆ ಸುಮಾರು 15,574. ಇದಕ್ಕೆ ತೂಕದ ಸರಾಸರಿ ಎನ್ನುತ್ತಾರೆ. ನಮ್ಮ ಪ್ರಶ್ನೆ ಏನಿತ್ತು? ‘ನಿಜವಾಗಿ ಸಿಗುವ ಬೆಲೆ’. 20 ಸಾವಿರ, 15 ಸಾವಿರ, 15,574 ಈ ಮೂರರಲ್ಲಿ ಯಾವುದು ಉತ್ತರ? ಯಾರಿಗೆ ಸಿಗುವ ಬೆಲೆ ಅಂತ ಕೇಳಿಕೊಳ್ಳಿ. ಒಬ್ಬ ಸಾಮಾನ್ಯ ರೈತನಿಗೆ ಎಂದರೆ ಮಧ್ಯಾಂಕ. ಮಾರುಕಟ್ಟೆಯ ಒಟ್ಟು ಮಾಲಿನ ಮೇಲೆ ಎಂದರೆ ತೂಕದ ಸರಾಸರಿ. ಸೂತ್ರ ಬಾಯಿಪಾಠ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ನಾನೂ ಮೊದಲ ಸೆಮಿಸ್ಟರ್‌ನಲ್ಲಿ ಹೀಗೇ ಸಿಕ್ಕಿಬಿದ್ದು ಫೇಲಾದೆ. ಎಲ್ಲ ಸೂತ್ರ ಬರುತ್ತಿತ್ತು. ಯಾವುದನ್ನು ಎಲ್ಲಿ ಹಾಕಬೇಕು ಎನ್ನುವುದು ಗೊತ್ತಿರಲಿಲ್ಲ.

ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆಯನ್ನು ಒಮ್ಮೆಯಾದರೂ ಕ್ಯಾಲ್ಕ್ಯುಲೇಟರ್‌ನ ರೆಡಿ ಬಟನ್ ಒತ್ತದೆ ಕೈಯಲ್ಲಿ ಮಾಡಿ. 50 ಬಿಟ್ಟು ಉಳಿದ ಆರು ಸಂಖ್ಯೆ ತೆಗೆದುಕೊಳ್ಳಿ. ಸರಾಸರಿ 15. ಒಂದೊಂದೂ 15ರಿಂದ ಎಷ್ಟು ದೂರ? 3, 1, 0, 0, 1, 3. ವರ್ಗ ಮಾಡಿದರೆ 9, 1, 0, 0, 1, 9. ಮೊತ್ತ 20. ಆರರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.83. ಇರುವುದೇ ಈ ಆರು ಲಾಟ್ ಎಂದಾದರೆ ಇದು ಸರಿ. ದೊಡ್ಡ ಮಾರುಕಟ್ಟೆಯಿಂದ ಆರಿಸಿದ ಸ್ಯಾಂಪಲ್ ಆದರೆ ಐದರಿಂದ ಭಾಗಿಸಬೇಕು. ಆಗ ಸರಿಯಾಗಿ 2. ಈಗ 50ನ್ನು ಮತ್ತೆ ಸೇರಿಸಿ, ಏಳರಿಂದ ಭಾಗಿಸಿ ನೋಡಿ. 12.36 ಆಗುತ್ತದೆ. ಒಂದೇ ಒಂದು ಲಾಟ್ ಇಡೀ ಚಿತ್ರವನ್ನು ಹೇಗೆ ಎಳೆದಾಡಿತು ಎನ್ನುವುದು ಕೈಯಲ್ಲಿ ಮಾಡಿದವರಿಗಷ್ಟೇ ಗೊತ್ತಾಗುತ್ತದೆ.

ಹಾಳಿ ಇಲ್ಲದ ಕಾಯ್ದೆ

ಒಮ್ಮೆ ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ಈ ಪುಸ್ತಕದಾಗ ನಡುವಿನ ಹಾಳಿ ಇಲ್ಲರಿ. 75 ಆದ ಮ್ಯಾಲೆ 124 ಐತಿ’ ಎಂದಳು. ಹಾಳಿ ಎಲ್ಲ ಸರಿಯಾಗಿದ್ದವು. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಮೊದಲು 266 ಕಲಂ ಇದ್ದವು. ಸರಕು ಮಾರಾಟದ 76ರಿಂದ 123ರವರೆಗಿನ ಭಾಗ 1930ರಲ್ಲಿ ಬೇರೆ ಕಾಯ್ದೆಯಾಯಿತು. ಪಾಲುದಾರಿಕೆಯ 239ರಿಂದ 266ರವರೆಗಿನ ಭಾಗ 1932ರಲ್ಲಿ ಬೇರೆಯಾಯಿತು. ಅವಳು ಮೂಲ ಕಾಯ್ದೆ ತೆರೆದು ನೋಡಿದ್ದಳು, ಅದಕ್ಕೇ ಈ ಪ್ರಶ್ನೆ ಬಂತು. ನನಗೆ ಅವತ್ತು ಬಹಳ ಖುಷಿಯಾಯಿತು.

ನೀವೂ ಮೂಲವನ್ನೇ ಓದಿ. ಇಂಡಿಯಾ ಕೋಡ್ ಎಂಬ ಸರ್ಕಾರಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಎಲ್ಲ ಒಂದೇ ಸಲ ಬೇಡ. ಮೊದಲು ಕಲಂ 2 ಒಂದನ್ನೇ ಓದಿ. ಅದು ಮೆಟ್ಟಿಲಿದ್ದ ಹಾಗೆ. ಒಬ್ಬರು ಪ್ರಸ್ತಾಪ ಇಡುತ್ತಾರೆ. ಇನ್ನೊಬ್ಬರು ಒಪ್ಪಿದರೆ ಅದು ವಚನ. ಪ್ರತಿಫಲ (ವಚನಕ್ಕೆ ಪ್ರತಿಯಾಗಿ ಕೊಡುವುದು) ಸೇರಿದರೆ ಒಪ್ಪಂದ. ಕಾನೂನು ಜಾರಿ ಮಾಡಿಕೊಡುವ ಒಪ್ಪಂದವಾದರೆ ಮಾತ್ರ ಕರಾರು. ಕನ್ನಡ ಪುಸ್ತಕಗಳಲ್ಲಿ ಅಗ್ರಿಮೆಂಟ್‌ಗೆ ಒಮ್ಮೆ ಒಪ್ಪಂದ, ಒಮ್ಮೆ ಕರಾರು ಅಂತ ಬರುತ್ತದೆ. ಕಾಂಟ್ರ್ಯಾಕ್ಟ್‌ಗೂ ಹಾಗೇ. ಪದಗಳು ಅದಲುಬದಲಾದರೆ ಉತ್ತರವೇ ತಪ್ಪುತ್ತದೆ. ಆದ್ದರಿಂದ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಎಳೆದು, ಒಂದರಲ್ಲಿ ಕಾಯ್ದೆಯ ಇಂಗ್ಲಿಷ್ ಪದ, ಇನ್ನೊಂದರಲ್ಲಿ ನೀವು ಕೊನೆಯವರೆಗೂ ಬಳಸುವ ಕನ್ನಡ ಪದ ಬರೆದಿಡಿ.

ಆಮೇಲೆ ಕಲಂ 10. ಕರಾರು ಆಗಬೇಕಾದರೆ ಎರಡೂ ಕಡೆಯವರಿಗೆ ಕರಾರು ಮಾಡುವ ಅರ್ಹತೆ ಇರಬೇಕು. ಒಪ್ಪಿಗೆ ಮುಕ್ತವಾಗಿರಬೇಕು. ಪ್ರತಿಫಲ ಮತ್ತು ಉದ್ದೇಶ ಕಾನೂನಿಗೆ ಒಪ್ಪುವಂತಿರಬೇಕು. ಕಾಯ್ದೆಯೇ ಅದನ್ನು ಅನೂರ್ಜಿತ, ಅಂದರೆ ಕಾನೂನಿನ ಕಣ್ಣಿಗೆ ಇಲ್ಲದ್ದು, ಎಂದಿರಬಾರದು. ಈಗ ನಮ್ಮ ಮೆಣಸಿನಕಾಯಿ ತನ್ನಿ. 17 ವರ್ಷದ ಹುಡುಗ ತನ್ನ ಹೆಸರಿನಲ್ಲೇ ಹತ್ತು ಕ್ವಿಂಟಲ್ ಮಾರುವ ಕರಾರಿಗೆ ಸಹಿ ಹಾಕಿದರೆ? 1903ರಲ್ಲಿ, ಆಗ ನಮ್ಮ ದೇಶದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಅಪ್ರಾಪ್ತ ವಯಸ್ಸಿನ ಧರ್ಮದಾಸ್ ಘೋಷ್ ಆಸ್ತಿ ಅಡವಿಟ್ಟು ಸಾಲ ತೆಗೆದಿದ್ದ. ಅಪ್ರಾಪ್ತರ ಒಪ್ಪಂದ ಮೊದಲಿನಿಂದಲೇ ಅನೂರ್ಜಿತ ಎಂದು ತೀರ್ಪು ಬಂತು. ಪ್ರಕರಣ ಓದುವಾಗ ನಾಲ್ಕು ಸಾಲು ಬರೆಯಿರಿ: ಏನಾಯಿತು, ಕೋರ್ಟಿನ ಮುಂದೆ ಬಂದ ಪ್ರಶ್ನೆ ಏನು, ತೀರ್ಪು ಏನು, ಕಾರಣ ಏನು. ನಾಲ್ಕನೆಯ ಸಾಲಿಗೆ ಮಾರ್ಕ್ಸ್ ಜಾಸ್ತಿ.

ಕಾಯ್ದೆಯ ಜೊತೆ ಬರುವ ದೃಷ್ಟಾಂತಗಳನ್ನು ಹುಡುಗರು ದಾಟಿಸಿ ಓದುತ್ತಾರೆ. ದಯವಿಟ್ಟು ದಾಟಿಸಬೇಡಿ. ಕಲಂ 29 ನೋಡಿ. ‘ನೂರು ಟನ್ ಎಣ್ಣೆ’ ಮಾರುತ್ತೇನೆ ಎಂದರೆ ಯಾವ ಎಣ್ಣೆ? ಅರ್ಥ ಖಚಿತವಿಲ್ಲ, ಒಪ್ಪಂದ ಅನೂರ್ಜಿತ. ಆದರೆ ಮಾರುವವನು ಬರೀ ಕೊಬ್ಬರಿ ಎಣ್ಣೆಯ ವ್ಯಾಪಾರಿ ಆಗಿದ್ದರೆ? ಅವನ ವ್ಯಾಪಾರವೇ ಅರ್ಥ ಹೇಳುತ್ತದೆ, ಒಪ್ಪಂದ ನಿಲ್ಲುತ್ತದೆ. ಈಗ ‘ನೂರು ಚೀಲ ಮೆಣಸಿನಕಾಯಿ’ ಎಂದು ಬರೆದು ನೋಡಿ. ಯಾವ ಜಾತಿಯದು, ಡಬ್ಬಿಯೋ, ಕಡ್ಡಿಯೋ, ಗುಂಟೂರೋ? ಚೀಲ ಎಷ್ಟು ಕಿಲೋದ್ದು? ಬರೀ ಡಬ್ಬಿ ಮಾರುವವರಾದರೆ ಏನಾಗುತ್ತದೆ? ಈ ಒಂದು ವ್ಯಾಯಾಮ ಗೈಡ್‌ನ ಹತ್ತು ಪುಟಕ್ಕೆ ಸಮ.

ಬಾಯಿಮಾತಿನ ಕರಾರೂ ಕರಾರೇ. ಬೇರೆ ಯಾವುದಾದರೂ ಕಾನೂನು ಬರವಣಿಗೆ ಬೇಕು ಎಂದಿದ್ದರೆ ಮಾತ್ರ ಕಾಗದ ಕಡ್ಡಾಯ. ಆದರೆ ರುಜುವಾತು ಬೇಕಲ್ಲ? ನಾನು ಓದುವಾಗ ಖೋಲಿಗೆ ಕೊಟ್ಟ ಮುಂಗಡ ವಾಪಸ್ ಬರಲೇ ಇಲ್ಲ. ‘ಸುಣ್ಣ ಬಳಿಸೋ ಖರ್ಚು ಮುರಕೊಂಡೇನಿ’ ಎಂದರು ಮನೆ ಮಾಲೀಕರು. ಮಾತು ಆಗಿತ್ತು, ಸಾಕ್ಷಿ ಇರಲಿಲ್ಲ. ಅಪ್ಪ ಶೇಂಗಾ ಮಾರಿ ಕೊಟ್ಟ ದುಡ್ಡು ಅದು, ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ.

ಹಾಗಾಗಿ ಈ ವಾರದ ಅಭ್ಯಾಸಕ್ಕೆ ನಿಮ್ಮ ಖೋಲಿಯ ಬಾಡಿಗೆ ಪತ್ರವನ್ನೇ ತೆಗೆದುಕೊಳ್ಳಿ. ಪತ್ರ ಇಲ್ಲದಿದ್ದರೆ ಆದ ಮಾತನ್ನು ಬರೆದಿಳಿಸಿ. ಕಲಂ 10ರ ಒಂದೊಂದು ಅಂಶವನ್ನೂ ಅದರ ಮೇಲಿಟ್ಟು ನೋಡಿ. ನಿಮ್ಮ ಓಣಿಯ ಹತ್ತು ಖೋಲಿಗಳ ಬಾಡಿಗೆ ಕೇಳಿ ಬಂದು ಸರಾಸರಿ, ಮಧ್ಯಾಂಕ ತೆಗೆಯಿರಿ. ಶನಿವಾರ ಗ್ರಂಥಾಲಯಕ್ಕೆ ಹೋಗಿ 346ರ ಕಪಾಟಿನಲ್ಲಿ ಬಾಡಿಗೆ ಕಾನೂನಿನ ಒಂದು ಪುಸ್ತಕ ಹುಡುಕಿ, ಮುಂಗಡದ ಬಗ್ಗೆ ಏನಿದೆ ಅಂತ ಕಾರ್ಡಿನಲ್ಲಿ ಬರೆದುಕೊಂಡು ಬನ್ನಿ. ಪುಟಸಂಖ್ಯೆ ಮರೆಯಬೇಡಿ.