ಸೆಕೆಂಡ್ ಹ್ಯಾಂಡ್ ಕಾರು ಕೈಕೊಟ್ಟರೆ ಡೀಲರ್‌ನಿಂದಲೇ ರಿಪೇರಿ ಮಾಡಿಸಿ

ಡೀಲರ್ ಹತ್ತಿರ ಕೊಂಡ ಹಳೇ ಕಾರು ಮನೆಗೆ ಬಂದ ಕೆಲವೇ ದಿನಕ್ಕೆ ಗೇರ್ ಬೀಳದೆ ಸತಾಯಿಸತೊಡಗಿದರೆ, ಬಹಳ ಜನ ಗೊತ್ತಿರುವ ಗ್ಯಾರೇಜಿಗೆ ಬಿಟ್ಟು ಸರಿಮಾಡಿಸಿ, ಆಮೇಲೆ ಬಿಲ್ ಹಿಡಿದು ಡೀಲರ್ ಹತ್ತಿರ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ಬಿಚ್ಚಿಸಿದ ಕಾರಿಗೆ ವಾರಂಟಿ ಇಲ್ಲ ಎಂದು ಅವರು ಕೈತೊಳೆದುಕೊಳ್ಳಬಹುದು. ಹಳೇ ಪಾರ್ಟು ಗುಜರಿಗೆ ಹೋದ ಮೇಲೆ ತೋರಿಸಲು ನಿಮ್ಮ ಕೈಯಲ್ಲೂ ಏನೂ ಇರುವುದಿಲ್ಲ.

ಮೊದಲು ವಿಡಿಯೋ ಮಾಡಿಕೊಳ್ಳಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಸದ್ದು, ಹೊಗೆಯ ಬಣ್ಣ, ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಲೈಟು, ಮೀಟರಿನ ಕಿಲೋಮೀಟರ್ ಎಲ್ಲವೂ ಕಾಣಲಿ. ಎಂಜಿನ್ ಬಿಸಿಯೇರುತ್ತಿದ್ದರೆ, ಬ್ರೇಕ್ ಹಿಡಿಯದಿದ್ದರೆ ಓಡಿಸಲೇಬೇಡಿ. ಹಾಗೇ ಓಡಿಸಿ ಹಾಳು ಮಾಡಿಕೊಂಡಿರಿ ಎನ್ನುವ ಮಾತಿಗೆ ಅವಕಾಶ ಕೊಡಬಾರದು.

ಆಮೇಲೆ ಕಾಗದ ಪತ್ರ ಓದಿ. ಎಂಜಿನ್, ಗೇರ್‌ಬಾಕ್ಸಿಗೆ ವಾರಂಟಿ ಕೊಟ್ಟವರೂ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಆದರೆ ‘ಕ್ಲಚ್ ಹೊಸದು’ ಎಂದು ಜಾಹೀರಾತಿನಲ್ಲೋ ವಾಟ್ಸಾಪಿನಲ್ಲೋ ಹೇಳಿದ್ದರೆ ಮಾತು ಬೇರೆ. ಆ ಜಾಹೀರಾತು ಮಾಯವಾಗುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಈಗ ಮುಖ್ಯವಾದ ಕೆಲಸ. ಕಾರನ್ನು ಅದನ್ನು ತಯಾರಿಸಿದ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿಗೆ ಒಯ್ಯಿರಿ. ‘ಬಿಚ್ಚುವುದು ಬೇಡ, ಸ್ಕ್ಯಾನ್ ಮಾಡಿ, ತಪಾಸಣೆ ಮಾಡಿ, ದೋಷ ಏನೆಂದು ಬರೆದುಕೊಡಿ, ಎಸ್ಟಿಮೇಟ್ ಕೊಡಿ’ ಎಂದು ಕೇಳಿ. ಅಲ್ಲೇ ಹಳೇ ಸರ್ವೀಸ್ ದಾಖಲೆಯನ್ನೂ ವಿಚಾರಿಸಿ. ಹೋದ ವರ್ಷದ ಸರ್ವೀಸಿನಲ್ಲಿ 82,000 ಕಿ.ಮೀ. ಎಂದಿದ್ದು ನಿಮ್ಮ ಮೀಟರ್ 54,000 ತೋರಿಸುತ್ತಿದ್ದರೆ ಅದು ರಿಪೇರಿ ವಿಷಯವಷ್ಟೇ ಅಲ್ಲ, ಮೋಸ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ, ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದ್ದರೆ, ಕಾರು ನೀರಲ್ಲಿ ಮುಳುಗಿತ್ತೇ ಎಂದು ಸಂಶಯಪಡಲೇಬೇಕು.

ವರದಿ ಸಿಕ್ಕ ಮೇಲೆ ಡೀಲರ್‌ಗೆ ಇಮೇಲ್ ಕಳಿಸಿ, ಅದನ್ನೇ ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ಸಿಟ್ಟು ತೋರಿಸುವುದು ಬೇಡ. ಕೊಂಡ ದಿನ, ಕೊಟ್ಟ ಹಣ, ದೋಷ ಕಂಡ ದಿನ, ವರದಿಯ ಪ್ರತಿ ಇರಲಿ. ಕೊನೆಗೆ ಹೀಗೆ ಬರೆಯಿರಿ: ‘ಈ ಪತ್ರ ತಲುಪಿದ 15 ದಿನದೊಳಗೆ ಪಾರ್ಟು, ಕೂಲಿ ಎರಡನ್ನೂ ನೀವೇ ಭರಿಸಿ ಸರಿಮಾಡಿಕೊಡಬೇಕು. ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.’ ಫೋನಿನಲ್ಲಿ ‘ನೋಡೋಣ ಸರ್’ ಎಂದರೆ, ಅದನ್ನೂ ಅವತ್ತೇ ಮೆಸೇಜಿನಲ್ಲಿ ಬರೆದು ಕಳಿಸಿ.

ಒಪ್ಪಿಕೊಂಡರೆ ಒಳ್ಳೆಯದೇ. ಆದರೆ ಜಾಬ್ ಕಾರ್ಡ್, ಅಂದರೆ ಕಾರಿಗೆ ಏನೇನು ಕೆಲಸ ಮಾಡುತ್ತಾರೆಂದು ಬರೆದ ಚೀಟಿ, ಇಲ್ಲದೆ ಕೀ ಕೊಡಬೇಡಿ. ಕಾರು ವಾಪಸ್ ಕೊಡುವ ದಿನ ಅದರಲ್ಲಿ ಬರೆಸಿ. ಬದಲಿಸಿದ ಹಳೇ ಪಾರ್ಟನ್ನು ತೋರಿಸಲು ಕೇಳಿ.

ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ಡೀಲರ್‌ಗಳು ಇಷ್ಟಕ್ಕೇ ದಾರಿಗೆ ಬರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಡೀಲರ್ ಎಲ್ಲೇ ಇರಲಿ. ವಕೀಲರು ಬೇಕೆಂದಿಲ್ಲ. ಕಾರಿಗೆ ಕೊಟ್ಟದ್ದು 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಎರಡು ವರ್ಷದ ಗಡುವಿದೆ, ಆದರೆ ಅಷ್ಟು ಕಾಯಬೇಡಿ. ತಡವಾದಷ್ಟೂ ದೋಷ ಮೊದಲೇ ಇತ್ತು ಎಂದು ತೋರಿಸುವುದು ಕಷ್ಟ.

ಪಕ್ಕದ ಬೀದಿಯವರು ತಮ್ಮ ಸ್ವಂತ ಕಾರನ್ನು ನಿಮಗೆ ಮಾರಿದ್ದರೆ ಈ ದಾರಿ ನಡೆಯುವುದಿಲ್ಲ. ಅವರು ವ್ಯಾಪಾರಿಯಲ್ಲ. ಡೀಲರ್ ಆದವರು ಮಾತ್ರ 2023ರ ಏಪ್ರಿಲ್‌ನಿಂದ ಆರ್‌ಟಿಒ ಕೊಡುವ ಅಧಿಕಾರ ಪತ್ರ ಪಡೆದಿರಬೇಕು. ಅದನ್ನು ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಆಯೋಗದಲ್ಲಿ ಇಬ್ಬರೂ ಒಪ್ಪಿದರೆ ಪ್ರಕರಣ ರಾಜಿಗೆ ಹೋಗಬಹುದು. ಆ ದಿನ ಸರ್ವೀಸ್ ಸೆಂಟರಿನ ಎಸ್ಟಿಮೇಟ್ ಜೊತೆಗಿರಲಿ. ಅದಕ್ಕಿಂತ ಕಡಿಮೆ ಹಣಕ್ಕೆ ಸಹಿ ಹಾಕುವ ಮುಂಚೆ ಮನೆಯವರ ಜೊತೆ ಒಮ್ಮೆ ಮಾತಾಡಿ.