ಕಬ್ಬಿನ ಬಿಲ್ಲು ಬಂತು, ದೇವರು ಕೊಟ್ಟ ಹಣ ಹೇಗೆ ನೋಡಿಕೊಳ್ಳೋದು?

ಬೆಳಗಾವಿ, ಬಾಗಲಕೋಟೆ ಕಡೆಯ ನಮ್ಮಂಥ ಕ್ರೈಸ್ತ ರೈತರ ಮನೆಗೆ ಹಣ ತಿಂಗಳು ತಿಂಗಳು ಬರಲ್ಲ. ಕಾರ್ಖಾನೆಯವರು ಬಿಲ್ಲು ಮಾಡಿದಾಗ ಒಮ್ಮೆಲೇ ಬರುತ್ತದೆ, ಆಮೇಲೆ ವರ್ಷವಿಡೀ ಅದರಲ್ಲೇ ತೂಗಿಸಬೇಕು. ಹಾಗಾಗಿ ಬಿಲ್ಲು ಬಂದ ವಾರವೇ ಮುಖ್ಯ.

ಮೊದಲು ಮನೆಯವರೆಲ್ಲ ಒಟ್ಟಿಗೆ ಕೂತು ಪ್ರಾರ್ಥನೆ ಮಾಡಿ. ಈ ಹಣ ಪೂರ್ತಿ ದೇವರದು ಅಂತ ಒಪ್ಪಿಕೊಳ್ಳಿ. ಹತ್ತರಲ್ಲಿ ಒಂದು ಪಾಲು ದೇವರಿಗೆ, ಉಳಿದ ಒಂಬತ್ತು ನನ್ನ ಇಷ್ಟ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆದ್ರೆ ಭೂಮಿಯೂ ಅದರಲ್ಲಿರುವುದೆಲ್ಲವೂ ಆತನದು ಅಂತ ಬೈಬಲಿನ ಕೀರ್ತನೆ 24 ಹೇಳುತ್ತದೆ. ಧರ್ಮೋಪದೇಶಕಾಂಡದ 8ನೇ ಅಧ್ಯಾಯ ಇನ್ನೂ ನೇರವಾಗಿದೆ: ಹೊಟ್ಟೆ ತುಂಬಿ, ಒಳ್ಳೇ ಮನೆ ಕಟ್ಟಿ, ದನಕರು ಹೆಚ್ಚಾದಾಗ ಇದೆಲ್ಲ ನನ್ನ ಕೈಬಲದಿಂದ ಆಯ್ತು ಅನ್ನಬೇಡ, ದುಡಿಯುವ ಶಕ್ತಿ ಕೊಟ್ಟವನೇ ಆತ. ಘಟಪ್ರಭೆಯ ಕಾಲುವೆಗೆ ನೀರು ಬರುವಂತೆ ಮಳೆ ಸುರಿಸಿದ್ದು ನಾವಲ್ಲ ಅಲ್ವಾ? ಪಾಲಿಗೆ ಹೊಲ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ. ಬೆವರು ನಮ್ಮದೇ, ಆದ್ರೂ ರಾಶಿ ಆದ ಮೇಲೆ ಹೊಲದ ಯಜಮಾನನಿಗೆ ಲೆಕ್ಕ ಒಪ್ಪಿಸಲೇಬೇಕು.

ಆಮೇಲೆ ಒಂದು ನೋಟ್‌ಬುಕ್ ತೆಗೆಯಿರಿ. ಎರಡು ಎಕರೆ, 80 ಟನ್ ಕಬ್ಬು, ಟನ್ನಿಗೆ 3,300 ರೂಪಾಯಿ ಅಂತ ಹಿಡಿದರೆ 2,64,000 ಆಯ್ತು. ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸೊಸೈಟಿ) ಸಾಲವನ್ನು ಬಿಲ್ಲಿನಲ್ಲೇ ಮುರಿದುಕೊಂಡಿದ್ದರೆ ಅದನ್ನೂ ಬರೆಯಿರಿ. ಖಾತೆಗೆ ಬಿದ್ದದ್ದನ್ನಷ್ಟೇ ಬರೆದರೆ ವರ್ಷದ ನಿಜ ಲೆಕ್ಕ ಸಿಗಲ್ಲ. ಬಿಲ್ಲೇ ಬಂದಿಲ್ಲವೇ? ಕೇಳಿ. ಕಬ್ಬು ಕಳಿಸಿದ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮ ಕೈಗೆ ಒಪ್ಪಿಸಿದ್ದನ್ನು ಕಾಯುವುದರಲ್ಲಿ ಇದೂ ಸೇರಿದೆ, ದುರಾಸೆ ಅಂತ ಹಿಂಜರಿಯಬೇಡಿ.

ಖರ್ಚಿನ ಮೊದಲ ಸಾಲಿನಲ್ಲಿ ಕೂಲಿ ಬಾಕಿ ಬರೆಯಿರಿ. ಕಾಣಿಕೆಗಿಂತಲೂ ಮೊದಲು. ಕೆಲವರಿಗೆ ಇದು ಹಿಡಿಸಲ್ಲ, ಗೊತ್ತು. ಆದ್ರೆ ಕೂಲಿಯವನ ಹಣ ಬೆಳಗಿನ ತನಕವೂ ನಿನ್ನ ಹತ್ತಿರ ಇರಬಾರದು ಅನ್ನುತ್ತದೆ ಯಾಜಕಕಾಂಡ 19, ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತದೆ ಯಾಕೋಬನ ಪತ್ರಿಕೆ. ಕಳೆ ತೆಗೆದ ಹೆಣ್ಣುಮಕ್ಕಳಿಗೆ ಎರಡು ವಾರದ ಕೂಲಿ ಬಾಕಿ ಇಟ್ಟು, ಭಾನುವಾರ ಕಾಣಿಕೆ ತಟ್ಟೆಗೆ 500ರ ನೋಟು ಹಾಕಿದರೆ ಆ ನೋಟು ಅವರದು.

ಎರಡನೇ ಸಾಲು ದಶಮಾಂಶ, ಅಂದರೆ ದೇವರಿಗೆ ಕೊಡುವ ಹತ್ತರಲ್ಲಿ ಒಂದು ಪಾಲು. ಪೂರ್ತಿ ಬಿಲ್ಲಿನ ಮೇಲೋ, ಖರ್ಚು ಕಳೆದೋ ಅಂತ ಕೇಳುತ್ತಾರೆ. ಬೀಜ, ಗೊಬ್ಬರ, ಕೂಲಿ, ಕಟಾವು ಕಳೆದು ಕೊಡುವುದು ಪ್ರಾಮಾಣಿಕ ಲೆಕ್ಕ ಅಂತ ನನ್ನ ಅಭಿಪ್ರಾಯ. ಮೇಲಿನ ಬಿಲ್ಲಿನಲ್ಲಿ ಖರ್ಚು 1,20,000 ಆಗಿದ್ದರೆ ಉಳಿದದ್ದು 1,44,000, ಅದರಲ್ಲಿ 14,400. ಹೊಸ ಬೈಕಿನ ಕಂತು ಮಾತ್ರ ಕಳೆಯಬೇಡಿ, ಅದು ಬೆಳೆಯ ಖರ್ಚಲ್ಲ. ಅಪೊಸ್ತಲ ಪೌಲನಂತೂ ಲೆಕ್ಕಕ್ಕಿಂತ ಮನಸ್ಸು ನೋಡುತ್ತಾನೆ: ಬೇಸರದಿಂದಲೂ ಬೇಡ, ಬಲವಂತದಿಂದಲೂ ಬೇಡ. ಸಾಲ ಮಾಡಿಯಾದರೂ ಕೊಡು, ದೇವರು ನೂರರಷ್ಟು ವಾಪಸ್ ಕೊಡುತ್ತಾನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಇರುವುದರ ಪ್ರಕಾರ ಕೊಟ್ಟರೆ ಸಾಕು ಅಂತ 2 ಕೊರಿಂಥ 8ರಲ್ಲಿ ಸ್ಪಷ್ಟವಾಗಿದೆ.

ಸಾಲ ತೀರಿಸುವಾಗ ಬಡ್ಡಿ ಜಾಸ್ತಿ ಇರುವ ಕೈಸಾಲ ಮೊದಲು. ಸೊಸೈಟಿಯ ಬೆಳೆಸಾಲ 5 ಲಕ್ಷದವರೆಗೆ ಬಡ್ಡಿ ಇಲ್ಲದೇ ಸಿಗುತ್ತದೆ, ಆದ್ರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಆ ತಾರೀಖು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಡಿ.

ಉಳಿತಾಯ ಮಾಡಿದರೆ ನಂಬಿಕೆ ಕಡಿಮೆ ಅಂತಲ್ಲ. ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಏಳು ವರ್ಷ ಐದರಲ್ಲಿ ಒಂದು ಪಾಲು ಕೂಡಿಡಿಸಿದ, ಬರ ಬಂದಾಗ ದೇಶವೇ ಉಂಡಿತು. ಲೂಕ 12ರ ಐಶ್ವರ್ಯವಂತನೂ ಕಣಜ ತುಂಬಿದ, ಆದ್ರೆ ಅವನ ಯೋಚನೆಯಲ್ಲಿ ಅವನೊಬ್ಬನೇ ಇದ್ದ. 2023ರ ಬರ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಲದಲ್ಲೂ ಸ್ವಲ್ಪ ಬಿಡಿ. ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣು ಬಡವರಿಗೆ, ಪರದೇಶಿಗೆ ಬಿಡಬೇಕು ಅಂತ ಯಾಜಕಕಾಂಡ ಹೇಳುತ್ತದೆ. ವಿಜಯಪುರದ ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರು ಇದನ್ನು ಹಾಗೇ ಮಾಡಬಹುದು. ಕಬ್ಬಿನವರಾದರೆ, ಒಂದು ಎಮ್ಮೆ ಇಟ್ಟುಕೊಂಡ ಭೂಮಿ ಇಲ್ಲದ ಹೆಂಗಸು ಮೇವು ಕೇಳಿ ಬಂದಾಗ ರೇಟು ಹೇಳಬೇಡಿ, ಹೊರೆ ಕಟ್ಟಿಕೊಳ್ಳಲು ಬಿಡಿ.

ಕೊನೆಗೆ, ಸಭೆಗೆ (ಚರ್ಚಿಗೆ) ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯುವಾಗ ಪೌಲನು ಒಬ್ಬನೇ ಒಯ್ಯಲಿಲ್ಲ, ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡ. ನಿಮ್ಮ ಸಭೆಯ ವರ್ಷದ ಲೆಕ್ಕ ನೋಟಿಸ್ ಬೋರ್ಡಿಗೆ ಬಂದಿಲ್ಲವಾದರೆ, ಮುಂದಿನ ಕಮಿಟಿ ಸಭೆಯಲ್ಲಿ ಎದ್ದು ನಿಂತು ಪ್ರೀತಿಯಿಂದಲೇ ಕೇಳಿ.